ಓದುಗರ ಪ್ರಶ್ನೆಗಳು: ಆರೋಪಿಯಲ್ಲ, ಸಾಕ್ಷಿ, ಆದರೂ ಜೈಲು

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಭಯೋತ್ಪಾದನೆ ತನಿಖೆಗೆಂದು ‘ಸಾಕ್ಷಿ’ ಎಂಬ ಹೆಸರಿನಲ್ಲಿ ಹಲವರನ್ನು ಜೈಲಿಗೆ ಹಾಕಿದ್ದರು. ಅವರನ್ನು ಹಾಗೆ ಇಟ್ಟದ್ದು ಹೇಗೆ, ಅಲ್ಲಿ ಅವರಿಗಾದದ್ದೇನು ಎಂದು ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ತಪ್ಪು ಮಾಡಿದವರನ್ನು ಹಿಡಿಯುವುದು ಸರಿ. ಬರೀ ಸಾಕ್ಷಿಯಾದವರನ್ನು ಹಿಡಿದಿಡಲು ಯಾವ ಕಾನೂನು ಒಪ್ಪುತ್ತದೆ?

ಉತ್ತರ: ಅಮೆರಿಕದ ಫೆಡರಲ್ ಕಾನೂನು ಒಪ್ಪುತ್ತದೆ. ಅದು ಹೊಸತೂ ಅಲ್ಲ. ಸಾಕ್ಷಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಬರೆದುಕೊಡದಿದ್ದರೆ ಒಳಗೆ ಹಾಕುವ ಏರ್ಪಾಡು 1789ರ ನ್ಯಾಯಾಂಗ ಕಾಯ್ದೆಯಲ್ಲೇ ಇತ್ತು. ಈಗಿರುವುದು 1984ರ ಜಾಮೀನು ಸುಧಾರಣಾ ಕಾಯ್ದೆಯೊಂದಿಗೆ ಬಂದ 3144ನೇ ಸೆಕ್ಷನ್. ವಕೀಲರ ಬಾಯಲ್ಲಿ ಇದು ‘ಮೆಟೀರಿಯಲ್ ವಿಟ್ನೆಸ್’ ಕಾನೂನು. ಅಂದರೆ ಪ್ರಕರಣಕ್ಕೆ ಬೇಕೇ ಬೇಕಾದ ಸಾಕ್ಷಿಯ ಕಾನೂನು.

ಸರಕಾರಿ ವಕೀಲರು ನ್ಯಾಯಾಧೀಶರಿಗೆ ಒಂದು ಅಫಿಡವಿಟ್ ಸಲ್ಲಿಸಿ ಎರಡು ಸಂಗತಿ ತೋರಿಸಬೇಕು. ಈ ವ್ಯಕ್ತಿಯ ಹೇಳಿಕೆ ಒಂದು ಕ್ರಿಮಿನಲ್ ಪ್ರಕರಣಕ್ಕೆ ಮುಖ್ಯ ಎಂಬುದು ಮೊದಲನೆಯದು. ಬರೀ ಸಮನ್ಸ್ ಕೊಟ್ಟರೆ ಆತ ಕೈಗೆ ಸಿಗದೆ ಹೋಗಬಹುದು ಎಂಬುದು ಎರಡನೆಯದು. ನ್ಯಾಯಾಧೀಶರು ಒಪ್ಪಿದರೆ ವಾರಂಟ್ ಹೊರಡುತ್ತದೆ. ಆತ ಅಪರಾಧ ಮಾಡಿದ್ದಾನೆ ಎಂದು ತೋರಿಸುವ ಹೊಣೆ ಯಾರಿಗೂ ಇಲ್ಲ. ಮುಂದಿನ ಎಲ್ಲ ತೊಂದರೆಯೂ ಹುಟ್ಟುವುದು ಇಲ್ಲೇ.

ಗಡಿಯಾಚೆಯಿಂದ ಜನರನ್ನು ಕಳ್ಳದಾರಿಯಲ್ಲಿ ತಂದ ಚಾಲಕನ ಮೇಲೆ ಮೊಕದ್ದಮೆ ನಡೆಯುವಾಗ, ಗಾಡಿಯಲ್ಲಿದ್ದ ಪ್ರಯಾಣಿಕರು ಸಾಕ್ಷಿ ಹೇಳುವ ಮುಂಚೆ ಊರಿಗೆ ಹೋಗಿಬಿಡದಂತೆ ಹಿಡಿದಿಡುವುದು ಈ ಸೆಕ್ಷನ್ನಿನ ದಿನನಿತ್ಯದ ಬಳಕೆ. 2001ರ ನಂತರ ಇದೇ ಸೆಕ್ಷನ್ನನ್ನು ಶಂಕಿತರ ಮೇಲೆ ತಿರುಗಿಸಿದರು. ಆರೋಪ ಹೊರಿಸುವಷ್ಟು ಪುರಾವೆ ಇಲ್ಲ, ಬಿಟ್ಟುಕಳಿಸಲು ಧೈರ್ಯವಿಲ್ಲ. ಹಾಗಾಗಿ ಸಾಕ್ಷಿ ಎಂಬ ಹಣೆಪಟ್ಟಿ.

ಪ್ರಶ್ನೆ: ಸಾಕ್ಷಿ ಹೇಳಲು ವಿಚಾರಣೆಯೇ ನಡೆಯುತ್ತಿರಬೇಕಲ್ಲವೇ? ಮೊಕದ್ದಮೆಯೇ ಇಲ್ಲದೆ ಯಾವುದಕ್ಕೆ ಸಾಕ್ಷಿ?

ಉತ್ತರ: ಗ್ರ್ಯಾಂಡ್ ಜ್ಯೂರಿಗೆ. ಆರೋಪ ಹೊರಿಸಬೇಕೋ ಬೇಡವೋ ಎಂದು ಗುಟ್ಟಾಗಿ ಕೂತು ನಿರ್ಧರಿಸುವ 16ರಿಂದ 23 ನಾಗರಿಕರ ಕೂಟ ಅದು. ಅಲ್ಲಿ ಇನ್ನೂ ಆರೋಪಿ ಎಂಬವನೇ ಇರಬೇಕಿಲ್ಲ. ಆ ಕೂಟದ ಮುಂದಿನ ಹೇಳಿಕೆಗೂ ಈ ಕಾನೂನು ಅನ್ವಯಿಸುತ್ತದೆ ಎಂದು 1971ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದು ವಾಷಿಂಗ್ಟನ್ನಿನ ಸಂಸತ್ ಭವನದ ಬಾಂಬ್ ಸ್ಫೋಟದ ತನಿಖೆಯಲ್ಲಿ ಹಿಡಿದ ಲೆಸ್ಲಿ ಬೇಕನ್ ಎಂಬ ಯುವತಿಯ ಪ್ರಕರಣ. ಆದರೆ ಅದೇ ತೀರ್ಪು, ಆಕೆ ಸಮನ್ಸಿಗೆ ಬರುವುದಿಲ್ಲ ಎನ್ನಲು ಸಾಕಷ್ಟು ಕಾರಣ ತೋರಿಸಿಲ್ಲ ಎಂದು ಬಂಧನವನ್ನು ತಪ್ಪೆಂದಿತು. ಸರಕಾರ ಮೊದಲರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡಿತು.

2002ರಲ್ಲಿ ನ್ಯೂಯಾರ್ಕಿನ ಒಂದೇ ಜಿಲ್ಲಾ ನ್ಯಾಯಾಲಯದಲ್ಲಿ ಎರಡು ಎದುರುಬದುರು ತೀರ್ಪು ಬಂದವು. ಗ್ರ್ಯಾಂಡ್ ಜ್ಯೂರಿಗಾಗಿ ಸಾಕ್ಷಿಯನ್ನು ಹಿಡಿದಿಡುವಂತಿಲ್ಲ ಎಂದು ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಹೇಳಿದರೆ, ಹಿಡಿದಿಡಬಹುದು ಎಂದು ನ್ಯಾಯಾಧೀಶ ಮೈಕೆಲ್ ಮುಕೇಸಿ ಹೇಳಿದರು. 2003ರ ನವೆಂಬರ್‌ನಲ್ಲಿ ಎರಡನೇ ಸರ್ಕ್ಯೂಟ್ ನ್ಯಾಯಾಲಯ ಶೈಂಡ್ಲಿನ್ ಅವರ ತೀರ್ಪನ್ನು ತಳ್ಳಿಹಾಕಿತು.

ಪ್ರಶ್ನೆ: ಒಟ್ಟು ಎಷ್ಟು ಜನರಿಗೆ ಹೀಗಾಯಿತು?

ಉತ್ತರ: ಈ ಪ್ರಕರಣಗಳ ಕಡತ ಸೀಲ್ ಆಗಿರುತ್ತಿದ್ದುದರಿಂದ ಹೊರಗಿನವರು ಒಬ್ಬೊಬ್ಬರನ್ನಾಗಿ ಹುಡುಕಿ ಲೆಕ್ಕ ಹಾಕಬೇಕಾಯಿತು. ಹ್ಯೂಮನ್ ರೈಟ್ಸ್ ವಾಚ್ ಮತ್ತು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 2005ರ ಜೂನ್‌ನಲ್ಲಿ ಹೊರತಂದ ವರದಿ 70 ಮಂದಿಯನ್ನು ಗುರುತಿಸಿತು. ಭಯೋತ್ಪಾದನೆಗೆ ನೆರವಾದ ಆರೋಪ ಬಂದದ್ದು 7 ಮಂದಿಯ ಮೇಲೆ. 42 ಮಂದಿ ಯಾವ ಆರೋಪವೂ ಇಲ್ಲದೆ ಹೊರಬಂದರು. ಹತ್ತಿರಹತ್ತಿರ ಅರ್ಧದಷ್ಟು ಜನರನ್ನು ಸಾಕ್ಷಿ ಹೇಳಲು ಕರೆದೇ ಇರಲಿಲ್ಲ. ಸಾಕ್ಷಿಗೆಂದು ಹಿಡಿದು ಸಾಕ್ಷ್ಯವನ್ನೇ ಕೇಳದಿದ್ದರೆ ಹಿಡಿದದ್ದು ಯಾತಕ್ಕೆ ಎಂಬ ಪ್ರಶ್ನೆಗೆ ಆ ಅಂಕಿಯೇ ಉತ್ತರ. ಕಡೇಪಕ್ಷ 13 ಮಂದಿಯಲ್ಲಿ ಸರಕಾರ ಕ್ಷಮೆ ಕೇಳಿತು.

ಹಿಡಿಯಲ್ಪಟ್ಟವರಲ್ಲಿ ಹೈದರಾಬಾದಿನ ಇಬ್ಬರೂ ಇದ್ದರು. ಅವರು ಹತ್ತಿದ್ದ ವಿಮಾನ ದಾಳಿಯ ದಿನ ನಡುದಾರಿಯಲ್ಲಿ ಇಳಿಯಿತು. ರೈಲು ಹಿಡಿದು ಹೊರಟಿದ್ದ ಅವರನ್ನು ಮರುದಿನ ಟೆಕ್ಸಾಸ್‌ನಲ್ಲಿ ಇಳಿಸಿಕೊಂಡರು. ಸಾಮಾನಿನಲ್ಲಿ ರಟ್ಟಿನ ಪೆಟ್ಟಿಗೆ ಕತ್ತರಿಸುವ ಚಾಕು ಸಿಕ್ಕಿತ್ತು. ಬ್ರೂಕ್ಲಿನ್ ಜೈಲಿನಲ್ಲಿ ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿಟ್ಟ ಮೇಲೆ ಅವರ ಮೇಲೆ ನಿಂತದ್ದು ಕ್ರೆಡಿಟ್ ಕಾರ್ಡ್ ವಂಚನೆಯ ಆರೋಪ.

ಪ್ರಶ್ನೆ: ನ್ಯಾಯಾಧೀಶರು ಅಫಿಡವಿಟ್ ಓದಿಯೇ ಸಹಿ ಹಾಕುತ್ತಾರಲ್ಲ. ಹಾಗಿದ್ದೂ ತಪ್ಪು ಹೇಗೆ ನುಸುಳುತ್ತದೆ?

ಉತ್ತರ: ನ್ಯಾಯಾಧೀಶರ ಮುಂದೆ ಆಗ ಒಂದೇ ಕಡೆಯವರು ಇರುತ್ತಾರೆ. ಬರೆದದ್ದರಲ್ಲಿ ಯಾವುದು ಸುಳ್ಳು ಎನ್ನುವುದಕ್ಕಿಂತ ಯಾವುದನ್ನು ಬರೆದಿಲ್ಲ ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಎರಡು ಉದಾಹರಣೆ ನೋಡಿ.

ಅಬ್ದುಲ್ಲಾ ಅಲ್-ಕಿಡ್ ಕಾನ್ಸಾಸ್‌ನಲ್ಲಿ ಹುಟ್ಟಿದ ಅಮೆರಿಕದ ಪ್ರಜೆ, ಐಡಾಹೊ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ. 2003ರ ಮಾರ್ಚ್‌ನಲ್ಲಿ ಓದಲೆಂದು ಸೌದಿ ಅರೇಬಿಯಾಕ್ಕೆ ಹೊರಟಾಗ ವಾಷಿಂಗ್ಟನ್ ಬಳಿಯ ಡಲಸ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಬೇರೊಬ್ಬ ವಿದ್ಯಾರ್ಥಿಯ ಮೇಲಿನ ಮೊಕದ್ದಮೆಗೆ ಅವರು ಸಾಕ್ಷಿ ಎಂಬುದು ಕಾರಣ. ಅವರ ಕೈಯಲ್ಲಿರುವುದು ಹೋಗುವುದಕ್ಕಷ್ಟೇ ಇರುವ ಮೊದಲ ದರ್ಜೆ ಟಿಕೆಟ್, ಬೆಲೆ ಸುಮಾರು 5,000 ಡಾಲರ್ ಎಂದು ಅಫಿಡವಿಟ್ ಹೇಳಿತ್ತು. ನಿಜದಲ್ಲಿ ಅದು ಹೋಗಿಬರುವ ಸಾಮಾನ್ಯ ದರ್ಜೆ ಟಿಕೆಟ್, ಬೆಲೆ ಸುಮಾರು 1,700 ಡಾಲರ್. ಅವರು ಅಮೆರಿಕದ ಪ್ರಜೆ, ಹೆಂಡತಿ ಮಕ್ಕಳು ಅಲ್ಲೇ ಇದ್ದಾರೆ, ಈ ಮುಂಚೆ ಎಫ್‌ಬಿಐ ಕರೆದಾಗಲೆಲ್ಲ ಬಂದು ಮಾತಾಡಿದ್ದಾರೆ ಎಂಬ ಮೂರು ಸಂಗತಿ ಆ ಕಾಗದದಲ್ಲಿ ಇರಲೇ ಇಲ್ಲ. ಓಡಿಹೋಗುತ್ತಾರೋ ಇಲ್ಲವೋ ಎಂದು ತೂಗುವ ನ್ಯಾಯಾಧೀಶರಿಗೆ ಬೇಕಿದ್ದದ್ದು ಆ ಮೂರೇ. ಅವರನ್ನು 16 ದಿನ ಜೈಲಿನಲ್ಲಿಟ್ಟು, ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಪಾಸ್‌ಪೋರ್ಟ್ ಕಿತ್ತುಕೊಂಡು ನಾಲ್ಕು ರಾಜ್ಯಗಳ ಆಚೆ ಹೋಗದಂತೆ ಕಟ್ಟಿಹಾಕಿದರು. ಸಾಕ್ಷಿ ಹೇಳಲು ಮಾತ್ರ ಕರೆಯಲಿಲ್ಲ.

ಇನ್ನೊಬ್ಬರು ಆರೆಗನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್. 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ, ಸ್ಫೋಟಕ ಸಿಡಿಸುವ ಡಿಟೋನೇಟರುಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕ ಬೆರಳಚ್ಚನ್ನು ಎಫ್‌ಬಿಐ ತನ್ನ ಕಂಪ್ಯೂಟರಿಗೆ ಹಾಕಿತು. ಹೋಲುವ 20 ಬೆರಳಚ್ಚುಗಳನ್ನು ಯಂತ್ರ ಹೆಕ್ಕಿಕೊಟ್ಟಿತು. ನಾಲ್ಕನೆಯದು ಮೇಫೀಲ್ಡ್ ಅವರದ್ದು. ಪರೀಕ್ಷಕರೊಬ್ಬರು ಅದೇ ಎಂದರು, ಅದನ್ನು ಮತ್ತೆ ನೋಡಿದವರೂ ಅದೇ ಎಂದರು. ಮೊದಲನೆಯವರ ತೀರ್ಮಾನ ಗೊತ್ತಿದ್ದುಕೊಂಡು ನೋಡಿದರೆ ಕಣ್ಣು ಹೊಂದಾಣಿಕೆಯನ್ನೇ ಹುಡುಕುತ್ತದೆ, ಹೊಂದದ ಗೆರೆಗಳಿಗೆ ಸಬೂಬು ಸಿಗುತ್ತದೆ. ಸ್ಪೇನಿನ ಪೊಲೀಸರು ಏಪ್ರಿಲ್ 13ರಂದೇ ಹೊಂದುವುದಿಲ್ಲ ಎಂದು ಬರೆದು ತಿಳಿಸಿದ್ದರು. ಅಫಿಡವಿಟ್ ಇದನ್ನು ತೇಲಿಸಿಬಿಟ್ಟು, ಮಾತುಕತೆಯ ನಂತರ ಸ್ಪೇನಿನವರಿಗೂ ಸಮಾಧಾನವಾದಂತಿತ್ತು ಎಂಬ ಧಾಟಿಯಲ್ಲಿ ಮುಗಿಸಿತು. ಮೇಫೀಲ್ಡ್ ವಿದೇಶಕ್ಕೆ ಹೋದ ದಾಖಲೆ ಸಿಗಲಿಲ್ಲ, ಪಾಸ್‌ಪೋರ್ಟಿನ ಅವಧಿಯೂ ಮುಗಿದಿತ್ತು. ಹಾಗಾದರೆ ಸುಳ್ಳು ಹೆಸರಿನಲ್ಲಿ ಹೋಗಿರಬೇಕು ಎಂದು ಬರೆದರು. ಪುರಾವೆ ಇಲ್ಲದಿರುವುದೇ ಪುರಾವೆಯಾಯಿತು.

ಮೇ 6ರಂದು ಬಂಧನವಾಯಿತು. ನ್ಯಾಯಾಲಯ ನೇಮಿಸಿದ ಹೊರಗಿನ ತಜ್ಞರೂ ಬೆರಳಚ್ಚು ಅವರದ್ದೇ ಎಂದುಬಿಟ್ಟರು. ಸ್ಪೇನಿನವರು ಅಲ್ಜೀರಿಯಾದ ಬೇರೊಬ್ಬನ ಬೆರಳಿಗೆ ಅದನ್ನು ತಾಳೆ ಹಾಕಿದ ಮೇಲೆ ಮೇ 20ರಂದು ಬಿಡುಗಡೆ. 2006ರಲ್ಲಿ ಸರಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಕೊಟ್ಟಿತು. ನಮ್ಮ ಅಭಿಪ್ರಾಯದಲ್ಲಿ, ಆ ಚೀಲದ ತನಿಖೆ ಇನ್ನೊಂದು ದೇಶದ ಪೊಲೀಸರ ಕೈಯಲ್ಲೂ ಇದ್ದದ್ದರಿಂದ ಅವರು ಬದುಕಿಕೊಂಡರು. ಬೆರಳಚ್ಚು ಅಮೆರಿಕದೊಳಗೇ ಸಿಕ್ಕಿದ್ದರೆ ಅದು ತಪ್ಪೆಂದು ಹೇಳುವವರೇ ಇರುತ್ತಿರಲಿಲ್ಲ.

ಪ್ರಶ್ನೆ: ಸಾಕ್ಷಿ ಎಂದ ಮೇಲೆ ಮರ್ಯಾದೆಯಿಂದ ಇಟ್ಟುಕೊಳ್ಳಬೇಕಲ್ಲ? ಆರೋಪಿಗಿಂತ ಕಷ್ಟ ಅನುಭವಿಸಿದರು ಎಂದು ಓದಿದೆ. ಅದು ಹೇಗೆ ಸಾಧ್ಯ?

ಉತ್ತರ: ಜೈಲಿನ ದಾಖಲೆಯಲ್ಲಿ ಅವರಿಗೆ ಬೇರೆ ಖಾನೆ ಇರಲಿಲ್ಲ. ಎಫ್‌ಬಿಐಗೆ ಬೇಕಾದವರು ಎಂಬ ಮಾತೊಂದು ಕಾಗದದೊಂದಿಗೆ ಬಂದರೆ ಸಾಕು, ಅತಿ ಭದ್ರತೆಯ ಒಂಟಿ ಕೋಣೆಗೆ ತಳ್ಳುತ್ತಿದ್ದರು. ಕಾವಲಿನವರಿಗೆ ಇವರು ಸಾಕ್ಷಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕಂಡದ್ದು ‘ಸೆಪ್ಟೆಂಬರ್ 11’ ಎಂಬ ಹೆಸರು ಮಾತ್ರ.

ಜೋರ್ಡಾನಿನ ವಿದ್ಯಾರ್ಥಿ ಒಸಾಮಾ ಅವದಲ್ಲಾ ಅವರ ಪ್ರಕರಣದಲ್ಲಿ ಇದರ ವಿವರ ತೀರ್ಪಿನಲ್ಲೇ ಸಿಗುತ್ತದೆ. ವಿಮಾನ ಅಪಹರಿಸಿದವನೊಬ್ಬನ ಕಾರಿನಲ್ಲಿ ಸಿಕ್ಕ ಚೀಟಿಯಲ್ಲಿ ಅವರ ಮೊದಲ ಹೆಸರೂ ಹಳೆಯ ಫೋನ್ ನಂಬರೂ ಇತ್ತು. 2001ರ ಸೆಪ್ಟೆಂಬರ್ 21ರಂದು ಸ್ಯಾನ್ ಡಿಯೇಗೊದಲ್ಲಿ ಹಿಡಿದು, ಜೈಲಿನಿಂದ ಜೈಲಿಗೆ ಸಾಗಿಸಿ, ಒಕ್ಲಹೋಮಾ ಹಾದು ನ್ಯೂಯಾರ್ಕಿಗೆ ತಂದರು. ಒಂಟಿ ಕೋಣೆ, ಬೆತ್ತಲೆ ತಪಾಸಣೆ, ಮನೆಯವರಿಗೆ ಫೋನಿಲ್ಲ, ಧರ್ಮಕ್ಕೆ ಒಗ್ಗುವ ಊಟವಿಲ್ಲ. ಮೈಮೇಲಿನ ಪೆಟ್ಟಿನ ಗುರುತೂ ದಾಖಲಾಗಿದೆ. ಗ್ರ್ಯಾಂಡ್ ಜ್ಯೂರಿ ಮುಂದೆ ಕೂರಿಸಿದಾಗ ಕೈಗೆ ಕೋಳ ಹಾಕಿ ಕುರ್ಚಿಗೆ ಬಿಗಿದಿದ್ದರು. ಅಲ್ಲಿ ಒಬ್ಬನ ಹೆಸರು ಗೊತ್ತಿಲ್ಲ ಎಂದದ್ದಕ್ಕೆ ಸುಳ್ಳುಸಾಕ್ಷ್ಯದ ಆರೋಪ ಹೊರಿಸಿದರು. 83 ದಿನಗಳ ನಂತರ ಜಾಮೀನು ಸಿಕ್ಕಿತು. 2006ರಲ್ಲಿ ಮೊದಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಎರಡನೆಯದು ಅವರನ್ನು ಖುಲಾಸೆ ಮಾಡಿತು.

ಅಲ್-ಕಿಡ್ ಅವರದ್ದೂ ಇದೇ ದಾರಿ: ಮೂರು ರಾಜ್ಯಗಳ ಜೈಲು, ಮತ್ತೆ ಮತ್ತೆ ಬೆತ್ತಲೆ ತಪಾಸಣೆ, ಸಾಗಿಸುವಾಗ ಕೈ ಕಾಲು ಸೊಂಟಕ್ಕೆ ಸರಪಳಿ, ದಿನದ 24 ಗಂಟೆಯೂ ಆರದ ದೀಪ. ಬೇಡಿ ತೊಡಿಸಿ ಪದೇ ಪದೇ ಊರು ಬದಲಿಸುವುದರಲ್ಲಿ ಇನ್ನೊಂದು ಪೆಟ್ಟಿದೆ. ವಕೀಲರು ಒಂದು ಊರಿನಲ್ಲಿ ಅರ್ಜಿ ಹಾಕುವಷ್ಟರಲ್ಲಿ ಕಕ್ಷಿದಾರ ಇನ್ನೊಂದು ಊರಿನಲ್ಲಿರುತ್ತಾನೆ.

ಇದೆಲ್ಲ ಕಾನೂನು ಮಾಡಿದ್ದಲ್ಲ, ಕಾನೂನನ್ನು ಬದಿಗಿಟ್ಟದ್ದು. ಸಾಕ್ಷಿಗೂ ಅನ್ವಯಿಸುವ 3142ನೇ ಸೆಕ್ಷನ್ ಪ್ರಕಾರ ಬಂಧನದ ಆದೇಶದಲ್ಲಿ ಎರಡು ಮಾತು ಇರಲೇಬೇಕು. ಆದಷ್ಟು ಮಟ್ಟಿಗೆ ಶಿಕ್ಷೆ ಅನುಭವಿಸುತ್ತಿರುವವರಿಂದ ಬೇರೆ ಇಡಬೇಕು, ವಕೀಲರೊಂದಿಗೆ ಖಾಸಗಿಯಾಗಿ ಮಾತಾಡಲು ಅವಕಾಶ ಕೊಡಬೇಕು. ವಿಚಾರಣೆಗೆ ಮುಂಚಿನ ಸೆರೆ ಶಿಕ್ಷೆಯಾಗಕೂಡದು ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಆ ತೀರ್ಪು ಬಂದದ್ದೂ ಅವದಲ್ಲಾ ಅವರನ್ನು ಇಟ್ಟಿದ್ದ ನ್ಯೂಯಾರ್ಕಿನ ಜೈಲಿನ ಪ್ರಕರಣದಲ್ಲೇ. ಸೆರೆಯಲ್ಲಿರುವ ಸಾಕ್ಷಿಯ ಸ್ಥಿತಿ ಕೆಟ್ಟರೆ ವಕೀಲರು ಮೊದಲು ಹಿಡಿಯಬೇಕಾದ್ದು ಆದೇಶದ ಈ ಎರಡು ಸಾಲನ್ನು.

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಮಕ್ಕಳಿದ್ದಾರೆ. ಯಾರನ್ನಾದರೂ ಹೀಗೆ ಹಿಡಿದರೆ ಮೊದಲ ದಿನದಿಂದ ಏನೇನು ಮಾಡಬೇಕು?

ಉತ್ತರ: ಮೊದಲ ಮಾತು, ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಬಾಯಿಬಿಟ್ಟು ಕೇಳಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಈ ಹಕ್ಕಿದೆ. ಕೆಲವು ದೇಶಗಳ ಪ್ರಜೆಗಳನ್ನು ಹಿಡಿದರೆ ಕೇಳದಿದ್ದರೂ ಅಮೆರಿಕ ತಿಳಿಸಲೇಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ಸೆರೆಯಾದವರು ಕೇಳಿದರೆ ಮಾತ್ರ ತಿಳಿಸುತ್ತಾರೆ. ಮನೆಯವರು ತಾವೇ ಕಾನ್ಸುಲೇಟಿಗೆ ಬರೆಯುವುದಕ್ಕೂ ತಡೆಯಿಲ್ಲ.

ಎರಡನೆಯದು ವಕೀಲರು. ಸೆರೆಯಲ್ಲಿರುವ ಸಾಕ್ಷಿಗೆ ಹಣವಿಲ್ಲದಿದ್ದರೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಲೇಬೇಕು ಎಂದು ಫೆಡರಲ್ ಕಾನೂನು ಹೇಳುತ್ತದೆ. ಹೆಸರು ಜೈಲಿನ ಆನ್‌ಲೈನ್ ಹುಡುಕಾಟದಲ್ಲಿ ಸಿಗದಿದ್ದರೆ ಗಾಬರಿಯಾಗದೆ, ಇಂಥ ವಕೀಲರನ್ನು ಒದಗಿಸುವ, ಬಂಧನವಾದ ಜಿಲ್ಲೆಯ ಫೆಡರಲ್ ಡಿಫೆಂಡರ್ ಕಚೇರಿಗೆ ಫೋನ್ ಮಾಡಬೇಕು. ಪೂರ್ತಿ ಹೆಸರು, ಹುಟ್ಟಿದ ದಿನ, ಹಿಡಿದ ಊರು, ಹೊತ್ತು ಬರೆದಿಟ್ಟುಕೊಂಡಿರಿ. ವಕೀಲರು ಬರುವವರೆಗೆ ‘ನನ್ನ ವಕೀಲರಿಲ್ಲದೆ ಮಾತಾಡುವುದಿಲ್ಲ’ ಎಂಬ ಒಂದೇ ವಾಕ್ಯ ಸಾಕು. ಸಾಕ್ಷಿ ತಾನೇ, ಹೇಳಿಬಿಡೋಣ ಎಂದು ಮಾತಾಡಿದರೆ ಹೇಳಿದ್ದರಲ್ಲಿನ ಸಣ್ಣ ತಪ್ಪೂ ಅಧಿಕಾರಿಗೆ ಸುಳ್ಳು ಹೇಳಿದ ಅಪರಾಧವಾಗಿ ತಿರುಗಬಹುದು.

ಮೂರನೆಯದು ಜಾಮೀನಿನ ವಿಚಾರಣೆ. ಅದನ್ನು ಮುಂದೂಡಲು ಸರಕಾರ ಕೇಳಿದರೆ 3 ದಿನ, ಸೆರೆಯಾದವರ ಪರ ಕೇಳಿದರೆ 5 ದಿನ ಎಂಬ ಮಿತಿ ಸಾಮಾನ್ಯವಾಗಿದೆ. ರಜಾದಿನ ಇದರಲ್ಲಿ ಸೇರುವುದಿಲ್ಲ. ಅಲ್ಲಿ ತೋರಿಸಬೇಕಾದ್ದು ತಪ್ಪು ಮಾಡಿಲ್ಲ ಎಂಬುದನ್ನಲ್ಲ, ಕರೆದಾಗ ಬರುತ್ತೇನೆ ಎಂಬುದನ್ನು. ಮನೆ ಬಾಡಿಗೆಯ ಕರಾರು, ಕಾಲೇಜಿನ ಪತ್ರ, ಪಾಸ್‌ಪೋರ್ಟ್ ಒಪ್ಪಿಸುವ ಒಪ್ಪಿಗೆ, ಸಮನ್ಸನ್ನು ನನಗೇ ಕೊಡಿ ನಾನು ಕರೆತರುತ್ತೇನೆ ಎಂಬ ವಕೀಲರ ಬರವಣಿಗೆ, ಇವು ಕೆಲಸಕ್ಕೆ ಬರುತ್ತವೆ. ಮುಂಚೆ ಅಧಿಕಾರಿಗಳು ಕರೆದಾಗ ಹೋಗಿದ್ದರೆ ಆ ದಿನಾಂಕಗಳನ್ನು ತಪ್ಪದೆ ಹೇಳಬೇಕು. ಅಲ್-ಕಿಡ್ ಪ್ರಕರಣದ ಅಫಿಡವಿಟ್ ಬಚ್ಚಿಟ್ಟದ್ದು ಇದನ್ನೇ.

ಎಲ್ಲಕ್ಕಿಂತ ಗಟ್ಟಿಯಾದ ಕೀಲಿ ನಾಲ್ಕನೆಯದು, ಆದರೆ ಬಳಸುವವರು ಕಡಿಮೆ. ಹೇಳಿಕೆಯನ್ನು ವಿಚಾರಣೆಗೆ ಮೊದಲೇ ಪ್ರಮಾಣ ಮಾಡಿಸಿ ಬರೆದುಕೊಂಡರೆ ಸಾಕಾಗುವುದಾದರೆ, ನ್ಯಾಯಕ್ಕೆ ಬೇರೆ ಧಕ್ಕೆಯಿಲ್ಲದಿದ್ದರೆ, ಜಾಮೀನಿನ ಷರತ್ತು ಪೂರೈಸಲಾಗಲಿಲ್ಲ ಎಂಬ ಕಾರಣಕ್ಕೆ ಸಾಕ್ಷಿಯನ್ನು ಒಳಗಿಡುವಂತಿಲ್ಲ. ಇದು 3144ನೇ ಸೆಕ್ಷನ್ನಿನದೇ ಮಾತು. ಕ್ರಿಮಿನಲ್ ಕಾರ್ಯವಿಧಾನದ 15ನೇ ನಿಯಮದಂತೆ ಸೆರೆಯಲ್ಲಿರುವ ಸಾಕ್ಷಿಯೇ ಇದಕ್ಕೆ ಲಿಖಿತ ಅರ್ಜಿ ಹಾಕಿ ಪಕ್ಷಗಾರರಿಗೆ ನೋಟಿಸ್ ಕೊಡಬಹುದು. ಹೇಳಿಕೆಯ ಪ್ರತಿಗೆ ಪ್ರಮಾಣದ ಮೇಲೆ ಸಹಿ ಹಾಕಿದ ಬಳಿಕ ನ್ಯಾಯಾಲಯ ಬಿಡುಗಡೆ ಮಾಡಬಹುದು. ಗ್ರ್ಯಾಂಡ್ ಜ್ಯೂರಿಗೆ ಇದು ಹೊಂದುವುದಿಲ್ಲ ಎಂಬ ವಾದ ಬಂದರೆ, ಹೊಂದುತ್ತದೆ ಎಂದು ಎರಡನೇ ಸರ್ಕ್ಯೂಟ್ 2003ರಲ್ಲಿ ಅವದಲ್ಲಾ ಪ್ರಕರಣದಲ್ಲಿ ಕೊಟ್ಟ ತೀರ್ಪೇ ಹೇಳಿದೆ ಎಂದು ತೋರಿಸಿ.

ಕೆಡುವುದು ಇಲ್ಲಿ: ಇನ್ನೊಂದು ವಾರ ಬೇಕು ಎಂದು ಸರಕಾರಿ ವಕೀಲರು ಕೇಳುತ್ತಾರೆ, ಸಾಕ್ಷಿಯ ವಕೀಲರು ಸೌಜನ್ಯಕ್ಕೆ ಒಪ್ಪುತ್ತಾರೆ, ಹಾಗೆ ವಾರಗಳು ಕೂಡಿಕೊಳ್ಳುತ್ತವೆ. ಮೊದಲ ವಾರದಲ್ಲೇ ಅರ್ಜಿ ಬಿದ್ದರೆ ವಿಳಂಬಕ್ಕೆ ಕಾರಣ ಹೇಳುವ ಹೊರೆ ಸರಕಾರದ ಮೇಲೆ ಬೀಳುತ್ತದೆ. 46ನೇ ನಿಯಮವೂ ಜೊತೆಗಿದೆ: 10 ದಿನ ಮೀರಿ ಸೆರೆಯಲ್ಲಿರುವ ಪ್ರತಿ ಸಾಕ್ಷಿಯ ಬಗ್ಗೆ, ಯಾಕೆ ಬಿಡಬಾರದು ಎಂಬ ಕಾರಣ ಸಹಿತ ಎರಡು ವಾರಕ್ಕೊಮ್ಮೆ ನ್ಯಾಯಾಲಯಕ್ಕೆ ವರದಿ ಹೋಗಬೇಕು. ಆ ವರದಿ ಬಂದಿದೆಯೇ ಎಂದು ಕೇಳುವುದನ್ನು ಬಿಡಬಾರದು.

ಇನ್ನೂ ಒಂದು ಎಚ್ಚರ. ವೀಸಾದ ಅವಧಿಯಲ್ಲಿ ಏನಾದರೂ ಲೋಪವಿದ್ದರೆ ಸಾಕ್ಷಿಯಾಗಿ ಬಿಡುಗಡೆಯಾದ ಕ್ಷಣವೇ ವಲಸೆ ಇಲಾಖೆ ಬಾಗಿಲಲ್ಲಿ ಹಿಡಿಯಬಹುದು. ವಲಸೆ ವಕೀಲರನ್ನು ಮುಂಚೆಯೇ ಮಾತಾಡಿಸಿಡಿ.

ಪ್ರಶ್ನೆ: ಬಾಯಿ ಮುಚ್ಚಿಕೊಂಡೇ ಇದ್ದರೆ?

ಉತ್ತರ: ತನ್ನ ಮೇಲೆಯೇ ತಿರುಗಬಹುದಾದ ಉತ್ತರ ಕೊಡದಿರಲು ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ಹಕ್ಕಿದೆ. ಆದರೆ ಸರಕಾರ ನ್ಯಾಯಾಲಯದಿಂದ ರಕ್ಷಣೆಯ ಆದೇಶ ತಂದರೆ, ಅಂದರೆ ಹೇಳಿದ್ದನ್ನೂ ಅದರಿಂದ ಸಿಕ್ಕ ಸುಳಿವನ್ನೂ ನಿಮ್ಮ ವಿರುದ್ಧ ಬಳಸುವುದಿಲ್ಲ ಎಂದರೆ, ಹೇಳಲೇಬೇಕು. ಆಗಲೂ ಹೇಳದಿದ್ದರೆ ನ್ಯಾಯಾಂಗ ನಿಂದನೆ. ಗ್ರ್ಯಾಂಡ್ ಜ್ಯೂರಿಯ ಅವಧಿ ಮುಗಿಯುವವರೆಗೆ, ಹೆಚ್ಚೆಂದರೆ 18 ತಿಂಗಳು, ಒಳಗಿಡಬಹುದು. ಗ್ರ್ಯಾಂಡ್ ಜ್ಯೂರಿಯ ಕೋಣೆಯೊಳಗೆ ಸಾಕ್ಷಿಯ ವಕೀಲರಿಗೆ ಪ್ರವೇಶವಿಲ್ಲ, ಹೊರಗೆ ನಿಂತಿರುತ್ತಾರೆ. ಅನುಮಾನ ಬಂದ ಪ್ರಶ್ನೆಗೆ ‘ವಕೀಲರನ್ನು ಕೇಳಿ ಬರುತ್ತೇನೆ’ ಎಂದು ಎದ್ದು ಹೋಗಬಹುದು.

ಪ್ರಶ್ನೆ: ತಪ್ಪು ಮಾಡದವರೂ ಒಪ್ಪಿಕೊಂಡುಬಿಡುತ್ತಾರೆಯೇ? ನಂಬಲಾಗುವುದಿಲ್ಲ.

ಉತ್ತರ: ಒಪ್ಪಿಕೊಳ್ಳುತ್ತಾರೆ. ಈಜಿಪ್ಟಿನ ವಿದ್ಯಾರ್ಥಿ ಅಬ್ದಲ್ಲಾ ಹಿಗಾಜಿ ದಾಳಿಯ ದಿನ ವಿಶ್ವ ವಾಣಿಜ್ಯ ಕೇಂದ್ರದ ಎದುರಿನ ಹೋಟೆಲಿನಲ್ಲಿದ್ದರು. ಅವರ ಕೋಣೆಯ ತಿಜೋರಿಯಲ್ಲಿ ವಿಮಾನಗಳೊಂದಿಗೆ ಮಾತಾಡುವ ರೇಡಿಯೊ ಸಿಕ್ಕಿತು ಎಂದು ಹೋಟೆಲಿನ ಕಾವಲಿನವನೊಬ್ಬ ಹೇಳಿದ. 2001ರ ಡಿಸೆಂಬರ್ 17ರಂದು ಸಾಮಾನು ತರಲು ಹೋದಾಗ ಸಾಕ್ಷಿಯಾಗಿ ಬಂಧಿಸಿದರು. ನಿರಪರಾಧಿ ಎಂದು ತೋರಿಸಲು ಅವರೇ ಸುಳ್ಳು ಪತ್ತೆ ಪರೀಕ್ಷೆ ಕೇಳಿದರು. ವಕೀಲರನ್ನು ಹೊರಗೆ ನಿಲ್ಲಿಸಿ ಒಳಗೆ ಒಬ್ಬರನ್ನೇ ಕೂರಿಸಿಕೊಂಡರು. ಸಹಕರಿಸದಿದ್ದರೆ ಊರಲ್ಲಿರುವ ಮನೆಯವರನ್ನು ಈಜಿಪ್ಟಿನ ಭದ್ರತಾ ಪಡೆ ಸುಮ್ಮನೆ ಬಿಡದು ಎಂಬರ್ಥದ ಬೆದರಿಕೆ ಬಂತು ಎಂದು ಅವರು ದಾವೆಯಲ್ಲಿ ಹೇಳಿದ್ದಾರೆ. ರೇಡಿಯೊ ನನ್ನದೇ ಎಂದರು. ಎಲ್ಲಿಂದ ಬಂತು ಎಂದು ಕೇಳಿದಾಗ ಒಂದಕ್ಕೊಂದು ತಾಳೆಯಾಗದ ಕಥೆಗಳನ್ನು ಹೇಳಿದರು. ಇಲ್ಲದ ವಸ್ತುವಿಗೆ ಮೂಲ ಹುಟ್ಟಿಸಲು ಹೊರಟವರ ಮಾತು ಹೀಗೇ ಇರುತ್ತದೆ. ತನಿಖೆಯವರು ಎಚ್ಚರಗೊಳ್ಳಬೇಕಾದದ್ದು ಆಗಲೇ. ಬದಲಿಗೆ ಜನವರಿ 11ರಂದು ಸುಳ್ಳು ಹೇಳಿದ ಆರೋಪ ಹೊರಿಸಿದರು. ಮೂರು ದಿನಕ್ಕೆ ಒಬ್ಬ ವಿಮಾನ ಚಾಲಕ ಹೋಟೆಲಿಗೆ ಬಂದು ತನ್ನ ರೇಡಿಯೊ ಕೊಡಿ ಎಂದ! ಕಾವಲಿನವನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ.

ವಕೀಲರಿಲ್ಲದ ಕೋಣೆಯಲ್ಲಿ ಯಂತ್ರಕ್ಕೆ ಮೈಯೊಡ್ಡುವುದು ಬೇಡ, ಎಷ್ಟೇ ನಿರಪರಾಧಿಯಾಗಿದ್ದರೂ.

ಪ್ರಶ್ನೆ: ಸೆರೆಯಲ್ಲಿದ್ದ ದಿನಗಳಿಗೆ ಸಂಬಳ ಕೊಡುತ್ತಾರಂತೆ, ಹೌದೇ?

ಉತ್ತರ: ಸಂಬಳವಲ್ಲ, ಸಾಕ್ಷಿಭತ್ಯೆ. ಹಾಜರಿಯ ದಿನಕ್ಕೆ 40 ಡಾಲರ್. ವಿಚಾರಣೆ ಶುರುವಾಗುವ ಮುನ್ನ ಜೈಲಿನಲ್ಲಿ ಕಳೆದ ದಿನಗಳಿಗೆ ಆಗ ಕೊಡುತ್ತಿದ್ದ ದಿನಕ್ಕೆ 1 ಡಾಲರ್ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತ್ತು. ಈಗಿನ ಕಾನೂನಿನಲ್ಲಿ ಸೆರೆಯ ದಿನಗಳಿಗೂ ಅದೇ 40 ಡಾಲರ್.

ಪ್ರಶ್ನೆ: ಜೈಲಿನಲ್ಲಿ ಹೊಡೆದರೆ ಅದನ್ನು ಆಮೇಲೆ ರುಜುವಾತು ಮಾಡುವುದು ಹೇಗೆ?

ಉತ್ತರ: ಬಾವು, ಮೂಗೇಟು ಕೆಲವೇ ದಿನಗಳಲ್ಲಿ ಮಾಸುತ್ತವೆ. ಮೊದಲ ಭೇಟಿಯಲ್ಲೇ ವಕೀಲರು ನೋಡಿ, ಮೈಯ ಯಾವ ಭಾಗದಲ್ಲಿ, ಎಷ್ಟು ಅಗಲ ಎಂದು ದೇಹದ ರೇಖಾಚಿತ್ರದ ಮೇಲೆ ಗುರುತಿಸಿ ದಿನಾಂಕ, ಗಂಟೆ ಹಾಕಬೇಕು. ಬಣ್ಣ ನೋಡಿ ಗಾಯಕ್ಕೆ ಎಷ್ಟು ದಿನವಾಯಿತು ಎಂದು ಖಚಿತವಾಗಿ ಹೇಳಲಾಗದು, ಅದಕ್ಕೇ ದಿನಾಂಕ ಮುಖ್ಯ. ಕ್ಯಾಮೆರಾ ಒಳಗೆ ಬಿಡದಿದ್ದರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಲು ನ್ಯಾಯಾಧೀಶರ ಆದೇಶ ಕೇಳಬೇಕು. ಮುಂದಿನ ಹಾಜರಾತಿಯಲ್ಲಿ ಬಟ್ಟೆ ಸರಿಸಿ ತೋರಿಸಿ ‘ದಾಖಲಿಸಿಕೊಳ್ಳಿ’ ಎಂದರೆ ಅದೂ ನಡಾವಳಿಗೆ ಸೇರುತ್ತದೆ. ಚಿತ್ರಹಿಂಸೆಯನ್ನು ವೈದ್ಯರು ದಾಖಲಿಸುವ ಕ್ರಮಕ್ಕೆ ಇಸ್ತಾಂಬುಲ್ ಪ್ರೋಟೊಕಾಲ್ ಎಂಬ ವಿಶ್ವಸಂಸ್ಥೆಯ ಕೈಪಿಡಿ ಇದೆ. ಹೊರಗಿನ ವೈದ್ಯರನ್ನು ಕರೆಸುವಾಗ ಅದರಂತೆ ಬರೆಯಲು ಕೇಳಿ.

ಕಾರಿಡಾರಿನ ವಿಡಿಯೊ ಅಳಿಸಬೇಡಿ ಎಂದು ಜೈಲಿಗೆ ತಕ್ಷಣ ಬರೆಯಬೇಕು. ಬ್ರೂಕ್ಲಿನ್ ಜೈಲಿನಲ್ಲಿ ವಲಸೆ ಕಾನೂನಿನಡಿ ಇಟ್ಟಿದ್ದವರನ್ನು ಗೋಡೆಗೆ ದೂಡಿದ್ದನ್ನು ನ್ಯಾಯ ಇಲಾಖೆಯ ಒಳತಪಾಸಣೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್ 2003ರಲ್ಲಿ ದೃಢಪಡಿಸಲು ನೆರವಾದದ್ದು ವಿಡಿಯೊ ಟೇಪುಗಳೇ.

ಜೈಲಿನೊಳಗಿನ ದೂರಿಗೂ ಮೆಟ್ಟಿಲುಗಳಿವೆ: ಘಟನೆಯಾದ 20 ದಿನದೊಳಗೆ ವಾರ್ಡನ್‌ಗೆ, ಉತ್ತರ ಒಪ್ಪಿಗೆಯಾಗದಿದ್ದರೆ ಮತ್ತೆ 20 ದಿನದೊಳಗೆ ವಲಯ ಕಚೇರಿಗೆ, ಅಲ್ಲಿಂದ 30 ದಿನದೊಳಗೆ ಕೇಂದ್ರ ಕಚೇರಿಗೆ. ಈ ಮೆಟ್ಟಿಲು ಹತ್ತದೆ ದಾವೆ ಹೂಡುವಂತಿಲ್ಲ ಎಂಬ ಕಾನೂನಿನ ‘ಕೈದಿ’ ಎಂಬ ವ್ಯಾಖ್ಯೆ ಆರೋಪಿ, ಅಪರಾಧಿಗಳ ಬಗ್ಗೆ ಇರುವಂಥದ್ದು. ಬರೀ ಸಾಕ್ಷಿ ಅದರೊಳಗೆ ಬರುವುದಿಲ್ಲ ಎಂದು ವಾದಿಸಬಹುದು. ಆದರೂ ಆ ವಾದವನ್ನೇ ನಂಬಿ ಕೂರದೆ ದೂರು ಹಾಕಿಡುವುದು ಜಾಣತನ.

ಪ್ರಶ್ನೆ: ಪರಿಹಾರ ಕೇಳಬಹುದೇ? ಮಂತ್ರಿಯ ಮೇಲೆಯೇ ದಾವೆ ಹಾಕಿದವರು ಗೆದ್ದರೇ?

ಉತ್ತರ: ಅಂದಿನ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥ, ಜಾನ್ ಆಶ್‌ಕ್ರಾಫ್ಟ್ ವಿರುದ್ಧ ಅಲ್-ಕಿಡ್ ಹೂಡಿದ ದಾವೆ 2011ರ ಮೇ 31ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ತೀರ್ಪು ನೀಡಿದ ಎಂಟೂ ನ್ಯಾಯಾಧೀಶರು ಆಶ್‌ಕ್ರಾಫ್ಟ್ ಅವರನ್ನು ಹೊಣೆ ಮಾಡಲಾಗದು ಎಂದರು. ವಾರಂಟ್ ಮೇಲುನೋಟಕ್ಕೆ ಸರಿಯಿದ್ದರೆ ಹಿಂದಿನ ಒಳ ಉದ್ದೇಶವನ್ನು ಕೆದಕುವಂತಿಲ್ಲ ಎಂಬುದು ಬಹುಮತ. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಫಲಿತಾಂಶ ಒಪ್ಪಿದರೂ ಬೇರೆ ತೀರ್ಪು ಬರೆದು, ಸಾಕ್ಷಿಯನ್ನು ಹೀಗೆ ನಡೆಸಿಕೊಂಡದ್ದನ್ನು ಎತ್ತಿ ಆಡಿದರು.

ಹಾಗಾಗಿ ಉದ್ದೇಶ ಕೆಟ್ಟದ್ದಿತ್ತು ಎಂಬ ವಾದಕ್ಕೆ ಬೆಲೆಯಿಲ್ಲ. ಅಫಿಡವಿಟ್ ಕೆಟ್ಟದ್ದಿತ್ತು ಎಂಬ ವಾದಕ್ಕೆ ಇದೆ. ಬೇಕೆಂದೇ ಅಥವಾ ಲೆಕ್ಕಿಸದೆ ಬರೆದ ಸುಳ್ಳನ್ನು ತೆಗೆದು, ಮುಚ್ಚಿಟ್ಟದ್ದನ್ನು ಸೇರಿಸಿ ಓದಿದಾಗ ವಾರಂಟಿಗೆ ಕಾರಣ ಉಳಿಯುತ್ತದೆಯೇ ಎಂಬುದೇ ಪರೀಕ್ಷೆ. ಅಲ್-ಕಿಡ್ ಪ್ರಕರಣದ ಉಳಿದ ಭಾಗ ಈ ದಾರಿಯಲ್ಲಿ ಮುಂದುವರಿದು, 2015ರಲ್ಲಿ ಸರಕಾರ 3,85,000 ಡಾಲರ್ ಮತ್ತು ವಿಷಾದದ ಪತ್ರ ಕೊಟ್ಟು ಮುಗಿಸಿಕೊಂಡಿತು.

ಸರಕಾರದಿಂದಲೇ ಪರಿಹಾರ ಕೇಳುವುದಾದರೆ ಘಟನೆಯಿಂದ 2 ವರ್ಷದೊಳಗೆ, ಇಂತಿಷ್ಟೇ ಡಾಲರ್ ಎಂದು ಮೊತ್ತ ನಮೂದಿಸಿ ಸಂಬಂಧಪಟ್ಟ ಇಲಾಖೆಗೆ ಅರ್ಜಿ ಕೊಡಬೇಕು. ಮೊತ್ತ ಬರೆಯದ ಅರ್ಜಿ ಅರ್ಜಿಯೇ ಅಲ್ಲ. ಬಹಳ ಮಂದಿ ಎಡವುವುದು ಇಲ್ಲಿ. ಇಲಾಖೆ 6 ತಿಂಗಳಲ್ಲಿ ಉತ್ತರ ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ನಿರಾಕರಿಸಿ ಪತ್ರ ಕಳಿಸಿದರೆ ಅಲ್ಲಿಂದ 6 ತಿಂಗಳೊಳಗೆ ದಾವೆ ಹೂಡಬೇಕು. ಅಧಿಕಾರಿಗಳ ಮೇಲೆ ವೈಯಕ್ತಿಕವಾಗಿ ದಾವೆ ಹೂಡುವ ದಾರಿಯನ್ನು ಸುಪ್ರೀಂ ಕೋರ್ಟ್ 2017ರ ತೀರ್ಪಿನಿಂದ ಬಹಳ ಕಿರಿದು ಮಾಡಿದೆ.

ಪ್ರಶ್ನೆ: ಬಿಡುಗಡೆಯಾದ ಸಾಕ್ಷಿ ತನಗಾದದ್ದನ್ನು ಪತ್ರಿಕೆಗೆ ಹೇಳಬಹುದೇ?

ಉತ್ತರ: ಗ್ರ್ಯಾಂಡ್ ಜ್ಯೂರಿಯ ಗುಟ್ಟು ಕಾಯುವ ನಿಯಮ ಜ್ಯೂರಿಯವರಿಗೆ, ಸರಕಾರಿ ವಕೀಲರಿಗೆ, ಬರೆದುಕೊಳ್ಳುವ ಸಿಬ್ಬಂದಿಗೆ ಅನ್ವಯಿಸುತ್ತದೆ, ಸಾಕ್ಷಿಗಲ್ಲ. ತಾನು ಏನು ಹೇಳಿದೆ ಎಂಬುದನ್ನು ಸಾಕ್ಷಿ ಯಾರಿಗೆ ಬೇಕಾದರೂ ಹೇಳಬಹುದು. ಆದರೆ ಕಡತವನ್ನು ಸೀಲ್ ಮಾಡುವಾಗ ನ್ಯಾಯಾಧೀಶರು ಪ್ರತ್ಯೇಕ ಆದೇಶ ಹೊರಡಿಸಿರಬಹುದು, ಬಿಡುಗಡೆಯ ಷರತ್ತಿನಲ್ಲೂ ಒಂದು ಸಾಲು ಇರಬಹುದು. ಆ ಎರಡು ಕಾಗದವನ್ನು ವಕೀಲರಿಗೆ ತೋರಿಸಿ ಓದಿಸಿಕೊಂಡ ಮೇಲೆ ಮಾತಾಡಿ.